ಮೇಲಿನೂರಿನ ಗಟಾರ, ಕೆಳಗಿನೂರಿನ ನಲ್ಲಿ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ಎರಡು ನದಿಗಳ ನಡುವೆ ಚಾಚಿಕೊಂಡಿರುವ ನೆಲವನ್ನು ಚರಿತ್ರೆಯ ಪುಸ್ತಕಗಳು ರಾಯಚೂರು ದೋಆಬ್ ಎಂದು ಕರೆಯುತ್ತವೆ. ದೋ ಎಂದರೆ ಎರಡು, ಆಬ್ ಎಂದರೆ ನೀರು. ಹೆಸರಿನಲ್ಲೇ ಎರಡು ನೀರನ್ನು ಇಟ್ಟುಕೊಂಡಿರುವ ಈ ನಾಡಿಗಾಗಿ ವಿಜಯನಗರದ ಅರಸರೂ ಬಹಮನಿ, ಆದಿಲ್‌ಶಾಹಿ ಸುಲ್ತಾನರೂ ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಗೆದ್ದದ್ದು ಶಾಲಾ ಮಕ್ಕಳಿಗೂ ಗೊತ್ತಿರುವ ಸಂಗತಿ.

ರಾಯಚೂರಿಗೆ ಬರುವ ಪ್ರವಾಸಿ ಸಾಮಾನ್ಯವಾಗಿ ಮೊದಲು ನೋಡುವುದು ಈ ಕೋಟೆಯನ್ನೇ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕಟ್ಟಿಸಿದ್ದೆಂದು ಸಾರುವ ಶಾಸನವನ್ನು 41 ಅಡಿ ಉದ್ದದ ಒಂದೇ ಕಲ್ಲಿನ ಮೇಲೆ ಕೆತ್ತಲಾಗಿದೆ. ಅಷ್ಟು ದೊಡ್ಡ ಬಂಡೆಯನ್ನು ಕೋಣಗಳು ಹೂಡಿದ ಬಂಡಿಯ ಮೇಲೆ ಎಳೆದು ತಂದ ದೃಶ್ಯವೂ ಗೋಡೆಯಲ್ಲಿದೆ. ಬೆಟ್ಟದ ಮೇಲೆ ಹತ್ತಿ ನಿಂತರೆ ಮಾವಿನ ಕೆರೆ, ಅದರಾಚೆ ತೀನ್ ಕಂದೀಲಿನ ಜನಜಂಗುಳಿ, ಇನ್ನೂ ಆಚೆ ರೈಲು ನಿಲ್ದಾಣ, ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಮುಂಬೈ ಕಡೆಯಿಂದ ಬಂದ ರೈಲು ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ಸಂಧಿಸಿದ್ದು ಇದೇ ಊರಿನಲ್ಲಿ.

ಆದರೆ ಊರನ್ನು ನಿಜವಾಗಿ ಹಿಡಿದು ನಿಲ್ಲಿಸಿರುವ ಇನ್ನೊಂದು ಕೋಟೆ ಈ ನೋಟಕ್ಕೆ ಸಿಗುವುದಿಲ್ಲ. ಅದು ನೆಲದ ಕೆಳಗಿದೆ. ಅದಕ್ಕೆ ಶಾಸನವಿಲ್ಲ, ಮಾರ್ಗದರ್ಶಿಗಳಿಲ್ಲ. ಅದು ಕೆಟ್ಟಾಗ ಮಾತ್ರ ಜನ ಮೂಗು ಮುಚ್ಚಿಕೊಂಡು ಅದರ ಹೆಸರೆತ್ತುತ್ತಾರೆ. ಅದೇ ಊರಿನ ಒಳಚರಂಡಿ. ಈ ಭಾಗದ ಆಡುಮಾತಿನಲ್ಲಿ ಹೇಳುವುದಾದರೆ ಗಟಾರ.

ಲೆಕ್ಕ ಮಾಡಿ ನೋಡಿದರೆ

‘ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?’ ಎಂಬ ಗಾದೆ ಎಲ್ಲರಿಗೂ ತಿಳಿದದ್ದೇ. ಅದನ್ನು ಸ್ವಲ್ಪ ತಿರುಗಿಸಿ ಊರಿಗೆ ಬಂದ ನೀರು ಊರಿನಿಂದ ಹೋಗದಿರುತ್ತದೆಯೇ ಎಂದು ಕೇಳಿದರೆ ಒಳಚರಂಡಿ ಶಾಸ್ತ್ರದ ಮೊದಲ ಪಾಠ ಸಿಕ್ಕಂತೆ.

2011ರ ಜನಗಣತಿಯಲ್ಲಿ ರಾಯಚೂರು ನಗರದ ಜನಸಂಖ್ಯೆ ಸುಮಾರು 2 ಲಕ್ಷ 34 ಸಾವಿರ. ಒಳಚರಂಡಿ ಇರುವ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕೆಂಬುದು ದೇಶದ ಎಂಜಿನಿಯರುಗಳು ಇಟ್ಟುಕೊಂಡಿರುವ ಅಳತೆ. ಕೊಟ್ಟ ನೀರಿನಲ್ಲಿ ನೂರಕ್ಕೆ 80 ಪಾಲು ಬಚ್ಚಲು, ಅಡುಗೆಮನೆ, ಕಕ್ಕಸುಗಳ ಮೂಲಕ ಕೊಳೆನೀರಾಗಿ ಹೊರಬರುತ್ತದೆ ಎಂಬುದು ಇನ್ನೊಂದು ಅಳತೆ. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಗುಣಿಸಿ ನೋಡಬಹುದು. ಊರಿಗೆ ಬೇಕಾದ ನೀರು ದಿನಕ್ಕೆ 3 ಕೋಟಿ 16 ಲಕ್ಷ ಲೀಟರ್; ಅದರಿಂದ ಹೊರಬೀಳುವ ಕೊಳೆ 2 ಕೋಟಿ 53 ಲಕ್ಷ ಲೀಟರ್. 10 ಸಾವಿರ ಲೀಟರ್ ಹಿಡಿಸುವ ಟ್ಯಾಂಕರುಗಳಲ್ಲಿ ತುಂಬಿದರೆ 2,500 ಟ್ಯಾಂಕರ್ ಆಗುತ್ತದೆ. ಇದು ಒಂದು ದಿನದ ಲೆಕ್ಕ. ನಾಳೆ ಮತ್ತೆ ಅಷ್ಟೇ. ಜನಗಣತಿಯ ನಂತರ ಊರು ಬೆಳೆದಿರುವುದರಿಂದ ಅಷ್ಟಕ್ಕೂ ಮಿಕ್ಕಿ.

ಇಷ್ಟು ನೀರನ್ನು ಯಾರ ಕಣ್ಣಿಗೂ ಮೂಗಿಗೂ ಬೀಳದಂತೆ ಊರಾಚೆ ಸಾಗಿಸುವುದು ಸಾಮಾನ್ಯ ಕೆಲಸವಲ್ಲ. ಕುತೂಹಲದ ಸಂಗತಿಯೆಂದರೆ, ಈ ಕೆಲಸಕ್ಕೆ ಬಹುಮಟ್ಟಿಗೆ ಯಂತ್ರವೇ ಬೇಡ, ಇಳಿಜಾರು ಸಾಕು. ಮನೆಯ ಕೊಳೆನೀರು ಮೊದಲು ಅಂಗಳದ ಚೇಂಬರಿಗೆ, ಅಲ್ಲಿಂದ ಬೀದಿಯ ಕೊಳವೆಗೆ, ಬೀದಿಯಿಂದ ದೊಡ್ಡ ಕೊಳವೆಗೆ, ಹೀಗೆ ಹಳ್ಳ ಹೊಳೆಗೆ ಸೇರಿದಂತೆ ಸಾಗುತ್ತದೆ. ಕೊಳವೆಯಲ್ಲಿ ನೀರು ಸೆಕೆಂಡಿಗೆ ಕನಿಷ್ಠ 60 ಸೆಂಟಿಮೀಟರ್ ವೇಗದಲ್ಲಿ ಹರಿಯಬೇಕು. ಆ ವೇಗವಿದ್ದರೆ ಹೊಲಸು ತಳದಲ್ಲಿ ಕೂಡದೆ ತಾನೇ ಕೊಚ್ಚಿಹೋಗುತ್ತದೆ. ಇಳಿಜಾರು ಕಡಿಮೆಯಾದರೆ ಹೊಲಸು ಕುಳಿತು ಕೊಳವೆ ಕಟ್ಟಿಕೊಳ್ಳುತ್ತದೆ. ಅದನ್ನು ನೋಡಿ ಸರಿಪಡಿಸಲೆಂದೇ ಅಲ್ಲಲ್ಲಿ ಮ್ಯಾನ್‌ಹೋಲುಗಳು. ಸಣ್ಣ ಕೊಳವೆಗಳಲ್ಲಾದರೆ ಸುಮಾರು 30 ಮೀಟರಿಗೊಂದು. ತಿರುವು ಬಂದಲ್ಲಿ, ಎರಡು ಕೊಳವೆ ಕೂಡಿದಲ್ಲಿ ಮತ್ತೊಂದು.

ಇಳಿಯುತ್ತಾ ಇಳಿಯುತ್ತಾ ಕೊಳವೆ ತೀರಾ ಆಳಕ್ಕೆ ಹೋದಾಗ ಅಲ್ಲೊಂದು ದೊಡ್ಡ ಬಾವಿ ಕಟ್ಟಿ, ಅಲ್ಲಿಂದ ಪಂಪಿನಿಂದ ಮೇಲಕ್ಕೆತ್ತಬೇಕಾಗುತ್ತದೆ. ಎಂಜಿನಿಯರುಗಳು ಇದನ್ನು ವೆಟ್‌ವೆಲ್ ಎನ್ನುತ್ತಾರೆ. ಕರೆಂಟು ಹೋಗಿ, ಜನರೇಟರಿಗೆ ಡೀಸೆಲ್ಲೂ ಇಲ್ಲವಾದರೆ ತುಂಬಿಕೊಳ್ಳುವುದು ಈ ಬಾವಿ. ಹಿಂದಕ್ಕೊತ್ತಿ ಉಕ್ಕುವುದು ತಗ್ಗಿನ ಬಡಾವಣೆಗಳ ಮನೆ ಬಚ್ಚಲು.

ರಾಯಚೂರಿನ ನೆಲವೂ ಈ ಕೆಲಸಕ್ಕೆ ಸಲೀಸಾಗಿ ಒದಗುವಂಥದ್ದಲ್ಲ. ಒಂದು ಕಡೆ ಕೋಟೆ ಬೆಟ್ಟದ ಗಟ್ಟಿ ಬಂಡೆ, ಅಗೆಯುವುದೇ ಕಷ್ಟ. ಇನ್ನೊಂದು ಕಡೆ ಎರೆಭೂಮಿ. ಮಳೆಗಾಲದಲ್ಲಿ ಉಬ್ಬಿ, 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಬಿರುಕು ಬಿಡುವ ಈ ಮಣ್ಣು ಕೊಳವೆಯ ಬೆಸುಗೆಗಳನ್ನು ಅಲುಗಾಡಿಸುತ್ತದೆ.

ಕಟ್ಟುವವರು ಒಬ್ಬರು, ನಡೆಸುವವರು ಇನ್ನೊಬ್ಬರು

‘ಗಟಾರ ತುಂಬೈತ್ರಿ, ಯಾರಿಗೆ ಹೇಳ್ಬೇಕು?’ ಎಂಬುದು ಓಣಿ ಓಣಿಯಲ್ಲಿ ಕೇಳುವ ಮಾತು. ಉತ್ತರ ಮಾತ್ರ ಅಷ್ಟು ಸರಳವಲ್ಲ.

ಬೆಂಗಳೂರಿಗೆ 1964ರಿಂದಲೇ ತನ್ನದೇ ಜಲಮಂಡಳಿ ಇದೆ. ರಾಜ್ಯದ ಉಳಿದ ಪಟ್ಟಣಗಳಿಗಾಗಿ 1973ರ ಕಾಯ್ದೆಯ ಆಧಾರದ ಮೇಲೆ 1975ರಲ್ಲಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಅಸ್ತಿತ್ವಕ್ಕೆ ಬಂತು. ನಕ್ಷೆ ತಯಾರಿಸುವುದು, ಅಂದಾಜು ಪಟ್ಟಿ ಮಾಡುವುದು, ಟೆಂಡರು ಕರೆದು ಕಾಮಗಾರಿ ಮುಗಿಸುವುದು ಈ ಮಂಡಳಿಯ ಮುಖ್ಯ ಕೆಲಸ. ಮುಗಿದ ಮೇಲೆ ಸಾಮಾನ್ಯವಾಗಿ ಅದನ್ನು ಸ್ಥಳೀಯ ಪೌರಸಂಸ್ಥೆಗೆ ಹಸ್ತಾಂತರಿಸಲಾಗುತ್ತದೆ. ಅಂದಿನಿಂದ ಕಟ್ಟಿಕೊಂಡ ಕೊಳವೆ ಬಿಡಿಸುವುದು, ಪಂಪು ನಡೆಸುವುದು, ಕರೆಂಟು ಬಿಲ್ಲು ಕಟ್ಟುವುದು, ಶುಲ್ಕ ವಸೂಲು ಮಾಡುವುದು ಎಲ್ಲ ಪೌರಸಂಸ್ಥೆಯ ಹೊಣೆ. ಹರಿದುಹೋಗುವ ನೀರು ನದಿಗೆ ಸೇರಲು ಯೋಗ್ಯವೇ ಎಂದು ಪರೀಕ್ಷಿಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಇದು 1974ರ ಜಲ ಮಾಲಿನ್ಯ ಕಾಯ್ದೆಯ ಕೂಸು. ಇವೆಲ್ಲದರ ಮೇಲೆ ಜಿಲ್ಲಾಧಿಕಾರಿಗಳ, ಪೌರಾಡಳಿತ ಇಲಾಖೆಯ ಉಸ್ತುವಾರಿ.

ಮದುವೆ ಮನೆಯಲ್ಲಿ ಅಡುಗೆ ಮಾಡುವವರು ಒಬ್ಬರು, ಬಡಿಸುವವರು ಇನ್ನೊಬ್ಬರು, ಪಾತ್ರೆ ತೊಳೆಯುವವರು ಮತ್ತೊಬ್ಬರು ಇರುವಂತೆಯೇ ಇದು. ಎಲ್ಲರೂ ಹೊತ್ತಿಗೆ ಸರಿಯಾಗಿ ಒದಗಿದರೆ ಊಟ ಸುಸೂತ್ರ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರೆ ಉಪವಾಸ ಬೀಳುವವರು ಅತಿಥಿಗಳು.

ರಾಯಚೂರಿನ ಕೊಳವೆ ಜಾಲವೂ ಒಂದೇ ಸಲಕ್ಕೆ ಆದದ್ದಲ್ಲ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಉತ್ತರ ಕರ್ನಾಟಕದ 25 ಪಟ್ಟಣಗಳಲ್ಲಿ ನಡೆದ ಯೋಜನೆಯಲ್ಲಿ ರಾಯಚೂರೂ ಸೇರಿತ್ತು; ಬ್ಯಾಂಕು ಅದಕ್ಕೆ ಒಪ್ಪಿಗೆ ಕೊಟ್ಟದ್ದು 2006ರ ಕೊನೆಗೆ. 2015ರಲ್ಲಿ ಕೇಂದ್ರ ಸರ್ಕಾರ ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ ಅಮೃತ್ ಯೋಜನೆಯನ್ನು ತಂದಾಗಲೂ ರಾಯಚೂರು ಪಟ್ಟಿಯಲ್ಲಿತ್ತು. ಹೀಗೆ ಬೇರೆ ಬೇರೆ ಕಾಲದ ಹಣ, ಬೇರೆ ಬೇರೆ ಗುತ್ತಿಗೆಗಳಿಂದ ಊರಿನ ಒಡಲೊಳಗೆ ತುಂಡು ತುಂಡಾಗಿ ಜಾಲ ಹೆಣೆದುಕೊಂಡಿತು. ದೊಡ್ಡ ಕೊಳವೆಗೆ ಸರ್ಕಾರದ ಹಣ ಬರುತ್ತದೆ. ಮನೆಯಿಂದ ಆ ಕೊಳವೆಗೆ ಜೋಡಣೆ ಆಗದಿದ್ದರೆ ಮಾತ್ರ ಕೋಟಿಗಟ್ಟಲೆಯ ಕಾಮಗಾರಿ ಒಣಗಿ ನಿಲ್ಲುತ್ತದೆ, ಕೊಳೆ ಮೊದಲಿನಂತೆ ತೆರೆದ ಚರಂಡಿಯಲ್ಲೇ ಹರಿಯುತ್ತದೆ.

ವಿಶ್ವೇಶ್ವರಯ್ಯನವರ ಹೆಜ್ಜೆ

ರಾಯಚೂರು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಅಂದಿನ ಮೈಸೂರು ರಾಜ್ಯದೊಂದಿಗೆ ಕೂಡಿದ್ದು 1956ರಲ್ಲಿ. 1908ರ ಸೆಪ್ಟೆಂಬರಿನಲ್ಲಿ ಸಂಸ್ಥಾನದ ರಾಜಧಾನಿಯಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಕೊಚ್ಚಿಹೋದರು. ಮರುವರ್ಷ ಅಲ್ಲಿಗೆ ಕರೆಸಿಕೊಳ್ಳಲಾದ ಎಂಜಿನಿಯರ್ ಕನ್ನಡಿಗರೇ ಆದ ಎಂ. ವಿಶ್ವೇಶ್ವರಯ್ಯ. ಅವರು ಪ್ರವಾಹ ತಡೆಗೆ ಜಲಾಶಯಗಳನ್ನು ಸೂಚಿಸಿದ್ದು ಎಲ್ಲರಿಗೂ ಗೊತ್ತು. ಅದರ ಜೊತೆಗೇ ಹೈದರಾಬಾದಿಗೆ ಒಳಚರಂಡಿಯ ಯೋಜನೆಯನ್ನೂ ರೂಪಿಸಿಕೊಟ್ಟರು ಎಂಬುದು ಅಷ್ಟಾಗಿ ಗೊತ್ತಿಲ್ಲ. ನೀರು ಬರುವ ದಾರಿಯನ್ನೂ ಹೋಗುವ ದಾರಿಯನ್ನೂ ಒಟ್ಟಿಗೇ ಯೋಚಿಸಬೇಕೆಂಬ ಪಾಠ ಅದರಲ್ಲಿತ್ತು.

ಈ ಪಾಠವನ್ನು ಮರೆತರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. 2022ರ ಮೇ ಕೊನೆಯಲ್ಲಿ, ಜೂನ್ ಮೊದಲಲ್ಲಿ ರಾಯಚೂರಿನ ಓಣಿಗಳಲ್ಲಿ ವಾಂತಿಭೇದಿ ಕಾಣಿಸಿಕೊಂಡಿತು. ನಲ್ಲಿಯಲ್ಲಿ ಬಂದ ಕಲುಷಿತ ನೀರು ಕುಡಿದು ಅನೇಕರು ಆಸ್ಪತ್ರೆ ಸೇರಿದರು. ಕೆಲವರು ಮನೆಗೆ ಹಿಂತಿರುಗಲಿಲ್ಲ. ರಾಜ್ಯ ಸರ್ಕಾರ ಪರಿಹಾರ ಘೋಷಿಸಿ ತನಿಖೆಗೆ ಆದೇಶಿಸಿತು. ನೀರು ಶುದ್ಧೀಕರಣ ಘಟಕದ ನಿರ್ವಹಣೆ ಹೇಗಿತ್ತು, ಕೊಳವೆಗಳ ಸ್ಥಿತಿ ಹೇಗಿತ್ತು ಎಂಬ ಪ್ರಶ್ನೆಗಳು ಮೊದಲ ಬಾರಿಗೆ ಮನೆಮನೆಯ ಮಾತಾದವು.

ಕುಡಿಯುವ ನೀರಿನ ಕೊಳವೆಗೂ ಗಟಾರಕ್ಕೂ ಏನು ಸಂಬಂಧ ಎಂದು ವಿದ್ಯಾರ್ಥಿಗಳು ಕೇಳಬಹುದು. ದಿನ ಬಿಟ್ಟು ದಿನ ನೀರು ಬಿಡುವ ಊರುಗಳಲ್ಲಿ ನಲ್ಲಿ ಕೊಳವೆ ಬಹಳ ಹೊತ್ತು ಖಾಲಿಯಾಗಿರುತ್ತದೆ. ನೀರು ನಿಂತಾಗ ಕೊಳವೆಯೊಳಗೆ ಒತ್ತಡ ಇಳಿದು, ಹೊರಗಿನದನ್ನು ಒಳಗೆಳೆದುಕೊಳ್ಳುವ ಸ್ಥಿತಿ ಉಂಟಾಗುತ್ತದೆ. ಆ ಕೊಳವೆ ಚರಂಡಿಯ ಪಕ್ಕದಲ್ಲೋ ಚರಂಡಿಯೊಳಗಿಂದಲೋ ಹಾದುಹೋಗಿದ್ದು, ಎಲ್ಲಾದರೂ ಒಂದು ಸಣ್ಣ ತೂತಿದ್ದರೆ ಗಟಾರದ ನೀರು ಒಳಗೆ ಸೇರಿಕೊಳ್ಳುತ್ತದೆ. ಮರುದಿನ ನಲ್ಲಿ ತಿರುಗಿಸಿದಾಗ ಮೊದಲು ಬರುವುದು ಆ ನೀರೇ.

ಮಾನ್ವಿ: ಕಾಲುವೆಯ ಊರು

ರಾಯಚೂರಿನಿಂದ ನೈರುತ್ಯಕ್ಕೆ ಹೊರಟರೆ ಸುಮಾರು 45 ಕಿ.ಮೀ. ದೂರದಲ್ಲಿ ಮಾನ್ವಿ. ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು ಬಾಳಿದ ಊರು. ತುಂಗಭದ್ರಾ ಎಡದಂಡೆ ಕಾಲುವೆ ಈ ಸೀಮೆಯನ್ನು ಹಾದುಹೋಗುವುದರಿಂದ ರಸ್ತೆಯ ಎಡಬಲದಲ್ಲಿ ಭತ್ತದ ಗದ್ದೆಗಳು ಹಸಿರಾಗಿ ಕಾಣುತ್ತವೆ. ಇದೇ ಕಾಲುವೆಯ ಕೊನೆಯ ಭಾಗದಿಂದ ರಾಯಚೂರು ನಗರಕ್ಕೂ ಕುಡಿಯುವ ನೀರಿನ ಒಂದು ಪಾಲು ಹೋಗುತ್ತದೆ.

2011ರಲ್ಲಿ ಮಾನ್ವಿಯ ಜನಸಂಖ್ಯೆ 46 ಸಾವಿರದಷ್ಟು. ಕರ್ನಾಟಕ ಪೌರಸಭೆಗಳ ಕಾಯ್ದೆ, 1964ರ ಪ್ರಕಾರ 20 ಸಾವಿರದಿಂದ 50 ಸಾವಿರ ಜನರಿರುವ ಊರು ಪುರಸಭೆ. ಅದಕ್ಕೂ ಮೇಲೆ 3 ಲಕ್ಷದವರೆಗೆ ನಗರಸಭೆ. 3 ಲಕ್ಷ ದಾಟಿದರೆ ಮಹಾನಗರ ಪಾಲಿಕೆ. ಮಾನ್ವಿಯೂ ದೇವದುರ್ಗವೂ ಪುರಸಭೆಗಳು. ರಾಯಚೂರು ಬಹುಕಾಲ ನಗರಸಭೆಯಾಗಿತ್ತು. 2024ರ ಸೆಪ್ಟೆಂಬರಿನಲ್ಲಿ ಕಲಬುರಗಿಯಲ್ಲಿ ಸೇರಿದ ಸಚಿವ ಸಂಪುಟ ಅದನ್ನೂ ಬೀದರನ್ನೂ ಮಹಾನಗರ ಪಾಲಿಕೆಯ ದರ್ಜೆಗೆ ಏರಿಸಲು ತೀರ್ಮಾನಿಸಿತು.

ಇಷ್ಟು ಗಾತ್ರದ ಪಟ್ಟಣಗಳಲ್ಲಿ ಊರ ತುಂಬ ಒಳಚರಂಡಿ ಹಾಸುವುದು ದುಬಾರಿ. ಆದ್ದರಿಂದ ಮನೆಯವರು ಸಾಮಾನ್ಯವಾಗಿ ನೆಚ್ಚಿಕೊಳ್ಳುವುದು ಸೆಪ್ಟಿಕ್ ಟ್ಯಾಂಕನ್ನು, ಇಲ್ಲವೇ ಬರಿಯ ಗುಂಡಿಯನ್ನು. ಸರಿಯಾಗಿ ಕಟ್ಟಿದ ಸೆಪ್ಟಿಕ್ ಟ್ಯಾಂಕು ಕೆಟ್ಟದ್ದೇನಲ್ಲ. ಹೊಲಸು ತಳದಲ್ಲಿ ಕೂಡುತ್ತದೆ, ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅದನ್ನು ನಿಧಾನವಾಗಿ ತಿಂದು ಕರಗಿಸುತ್ತವೆ, ಮೇಲಿನ ತಿಳಿನೀರು ಇಂಗುಗುಂಡಿಗೆ ಹೋಗುತ್ತದೆ. ಆದರೆ ಇಲ್ಲಿ ಎರಡು ತೊಡಕುಗಳಿವೆ. ಎರೆಮಣ್ಣಿನಲ್ಲಿ ನೀರು ಬೇಗ ಇಂಗುವುದಿಲ್ಲ. ಹಾಗಾಗಿ ಆ ತಿಳಿನೀರು ಎದುರಿನ ಗಟಾರಕ್ಕೇ ಹರಿಯುತ್ತದೆ. ಇನ್ನೊಂದು, ಎರಡು ಮೂರು ವರ್ಷಕ್ಕೊಮ್ಮೆ ಟ್ಯಾಂಕನ್ನು ಖಾಲಿ ಮಾಡಿಸಬೇಕು. ಅದಕ್ಕೆ ಹೀರುಯಂತ್ರದ ಗಾಡಿ ಬರುತ್ತದೆ, ಬಾಡಿಗೆ ಪಡೆಯುತ್ತದೆ, ಹೋಗುತ್ತದೆ. ಎಲ್ಲಿ ಹೋಗಿ ಸುರಿಯುತ್ತದೆ ಎಂದು ಕೇಳುವ ಮನೆಯವರು ವಿರಳ.

ಆ ಪ್ರಶ್ನೆ ಕೇಳಿದ ಊರೊಂದು ಕರ್ನಾಟಕದಲ್ಲೇ ಇದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿಯಲ್ಲಿ 2015ರಲ್ಲಿ ಸೆಪ್ಟಿಕ್ ಟ್ಯಾಂಕುಗಳ ಕೆಸರನ್ನೇ ಸಂಸ್ಕರಿಸುವ ಘಟಕ ಶುರುವಾಯಿತು. ಗಾಡಿಗಳು ಹೊಲಸನ್ನು ಅಲ್ಲಿಗೆ ತಂದು ಸುರಿಯುತ್ತವೆ. ಅದು ಹದವಾಗಿ ಒಣಗಿ ಗೊಬ್ಬರದ ರೂಪ ತಾಳುತ್ತದೆ. ಪಟ್ಟಣವೊಂದರ ಮಟ್ಟದಲ್ಲಿ ದೇಶದ ಮೊದಲ ಘಟಕವೆಂದು ಇದನ್ನು ನೋಡಲು ಬೇರೆ ರಾಜ್ಯಗಳಿಂದಲೂ ಅಧಿಕಾರಿಗಳು ಬಂದರು. ಕೋಟಿಗಟ್ಟಲೆ ಸುರಿದು ಬೀದಿಬೀದಿ ಅಗೆಯಲಾಗದ ಪುರಸಭೆಗಳಿಗೆ ಇದೊಂದು ದಾರಿ.

ದೇವದುರ್ಗ: ನದಿಯ ಮೇಲ್ಮಗ್ಗುಲು

ರಾಯಚೂರಿನ ವಾಯವ್ಯಕ್ಕೆ ದೇವದುರ್ಗ. ತಾಲ್ಲೂಕಿನ ಉತ್ತರದ ಗಡಿಯುದ್ದಕ್ಕೂ ಕೃಷ್ಣೆ ಹರಿಯುತ್ತಾಳೆ. ದಂಡೆಯಲ್ಲಿ ಕೊಪ್ಪರದಂತಹ ಪುಣ್ಯಕ್ಷೇತ್ರಗಳಿವೆ. ಗಬ್ಬೂರಿನ ಹಳೆಯ ದೇಗುಲಗಳನ್ನು ನೋಡಲು ಬರುವವರೂ ಇದ್ದಾರೆ. ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ಮಳೆಯನ್ನೇ ನಂಬಿದ್ದ ಹೊಲಗಳಿಗೆ ನೀರು ಹತ್ತಿತು. ಪಟ್ಟಣದ ಜನಸಂಖ್ಯೆ 2011ರಲ್ಲಿ 29 ಸಾವಿರದ ಹತ್ತಿರವಿತ್ತು.

ಭೂಪಟವನ್ನು ಹರಡಿಕೊಂಡು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ದೇವದುರ್ಗ ಸೀಮೆಯ ಹಳ್ಳಗಳು ಕೃಷ್ಣೆಯನ್ನು ಸೇರುತ್ತವೆ. ಕೃಷ್ಣೆ ಕೆಳಗಿಳಿದು, ಭೀಮೆಯನ್ನು ಕೂಡಿಕೊಂಡು, ದೇವಸೂಗೂರಿಗೆ ಬರುತ್ತಾಳೆ. ಅಲ್ಲಿಂದ ರಾಯಚೂರು ನಗರಕ್ಕೆ ಕುಡಿಯುವ ನೀರನ್ನು ಎತ್ತಲಾಗುತ್ತದೆ. ರಾಯಚೂರಿನ ಕೆಳಗೆ ತೆಲಂಗಾಣದ ಜುರಾಲಾ ಜಲಾಶಯ. ಇತ್ತ ಮಾನ್ವಿ ಸೀಮೆಯ ನೀರು ತುಂಗಭದ್ರೆಗೆ. ಅದರ ಕೆಳಗೆ ಲಕ್ಷಾಂತರ ಭಕ್ತರು ಮುಳುಗೇಳುವ ಮಂತ್ರಾಲಯ, ಆಮೇಲೆ ಕರ್ನೂಲು. ಒಂದೂರಿನ ಗಟಾರ ಮುಗಿಯುವಲ್ಲಿ ಇನ್ನೊಂದೂರಿನ ನಲ್ಲಿ ಆರಂಭವಾಗುತ್ತದೆ. ಮೇಲಿರುವವರು ಕೆಳಗಿರುವವರನ್ನು ನೆನೆಯಬೇಕು. ಏಕೆಂದರೆ ಅವರಿಗಿಂತ ಮೇಲೆಯೂ ಯಾರೋ ಇದ್ದಾರೆ.

2023ರ ಮೇ ತಿಂಗಳಲ್ಲಿ ಇದೇ ದೇವದುರ್ಗ ತಾಲ್ಲೂಕಿನ ರೇಕಲಮರಡಿ ಗ್ರಾಮದಲ್ಲಿ ಕಲುಷಿತ ನೀರು ಕುಡಿದು ಅನೇಕರು ಅಸ್ವಸ್ಥರಾದರು, ಒಬ್ಬ ಬಾಲಕ ತೀರಿಹೋದ. ರಾಯಚೂರಿನ ಘಟನೆ ನಡೆದು ಸರಿಯಾಗಿ ಒಂದು ವರ್ಷ. ಊರು ಸಣ್ಣದಾದ ಮಾತ್ರಕ್ಕೆ ಅಪಾಯ ಸಣ್ಣದಾಗುವುದಿಲ್ಲ.

ಚರಂಡಿಗೂ ಚುನಾವಣೆ

ಅಮೆರಿಕದ ಕೆಲವು ಕಡೆಗಳಲ್ಲಿ ಚರಂಡಿಗೆಂದೇ ಪ್ರತ್ಯೇಕ ಸರ್ಕಾರವಿದೆ ಎಂದರೆ ಆಶ್ಚರ್ಯವಾದೀತು. ಶಿಕಾಗೊ ನಗರದಲ್ಲಿ 1889ರಲ್ಲಿ ಇಂಥದೊಂದು ನೈರ್ಮಲ್ಯ ಜಿಲ್ಲೆ ಸ್ಥಾಪನೆಯಾಯಿತು. ಜನ ಮತ ಹಾಕಿ ಆರಿಸಿದ 9 ಮಂದಿ ಸದಸ್ಯರು ಇಂದಿಗೂ ಅದನ್ನು ನಡೆಸುತ್ತಾರೆ; ಅದಕ್ಕೆಂದೇ ತೆರಿಗೆ ಹಾಕುವ ಅಧಿಕಾರವೂ ಉಂಟು. ಊರಿನ ಕೊಳೆ ತಾವು ಕುಡಿಯುವ ಮಿಶಿಗನ್ ಸರೋವರ ಸೇರುತ್ತಿದ್ದುದನ್ನು ತಪ್ಪಿಸಲು ಅವರು 1900ರಲ್ಲಿ ನದಿಯ ಹರಿವನ್ನೇ ತಿರುಗಿಸಿದರು. ಆಗ ಕೆಳಗಿನ ಮಿಸ್ಸೌರಿ ರಾಜ್ಯದವರು, ನಿಮ್ಮ ಹೊಲಸು ನಮ್ಮ ನೀರಿಗೆ ಬರುತ್ತಿದೆ ಎಂದು ಸುಪ್ರೀಂ ಕೋರ್ಟಿಗೆ ಹೋದರು. 1906ರಲ್ಲಿ ತೀರ್ಪು ಅವರ ವಿರುದ್ಧವಾಯಿತು. ಮೇಲಿನೂರು, ಕೆಳಗಿನೂರಿನ ತಕರಾರು ದೋಆಬಿನದ್ದಷ್ಟೇ ಅಲ್ಲ.

ನಮ್ಮಲ್ಲಿ ಅಂಥ ಪ್ರತ್ಯೇಕ ಚುನಾವಣೆ ಇಲ್ಲ. ವಾರ್ಡಿನ ಸದಸ್ಯರನ್ನು ಆರಿಸುವಾಗಲೇ ಜನ ಗಟಾರದ ಮೇಲ್ವಿಚಾರಕರನ್ನೂ ಆರಿಸಿರುತ್ತಾರೆ. 1992ರ 74ನೇ ಸಂವಿಧಾನ ತಿದ್ದುಪಡಿ ನೀರು ಸರಬರಾಜು, ಸಾರ್ವಜನಿಕ ಆರೋಗ್ಯ, ನೈರ್ಮಲ್ಯಗಳನ್ನು ಪೌರಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಲ್ಲಿ ಸೇರಿಸಿತು. ಪುರಸಭೆಯ ಸದಸ್ಯರ ಅವಧಿ 5 ವರ್ಷ. ಅವರು ತಮ್ಮಲ್ಲೇ ಒಬ್ಬರನ್ನು ಅಧ್ಯಕ್ಷರನ್ನಾಗಿ, ಒಬ್ಬರನ್ನು ಉಪಾಧ್ಯಕ್ಷರನ್ನಾಗಿ ಆರಿಸುತ್ತಾರೆ. ಶಾಸಕರೂ ಸಂಸದರೂ ಸಭೆಯಲ್ಲಿ ಕೂಡುತ್ತಾರೆ. ತಿಂಗಳಿಗೊಮ್ಮೆಯಾದರೂ ಸಾಮಾನ್ಯ ಸಭೆ ಸೇರಬೇಕು. ತೀರ್ಮಾನವನ್ನು ಕಾರ್ಯಕ್ಕೆ ತರುವವರು ಪುರಸಭೆಯಲ್ಲಿ ಮುಖ್ಯಾಧಿಕಾರಿ, ನಗರಸಭೆ ಪಾಲಿಕೆಗಳಲ್ಲಿ ಆಯುಕ್ತರು. ಅವರ ಕೈಕೆಳಗೆ ಎಂಜಿನಿಯರುಗಳು, ಆರೋಗ್ಯ ನಿರೀಕ್ಷಕರು.

ಈ ಕೊಂಡಿಗಳಲ್ಲಿ ಒಂದು ಕಳಚಿದರೂ ಕೆಲಸ ನಿಲ್ಲುತ್ತದೆ. 2018ರ ಆಗಸ್ಟ್ ಕೊನೆಯಲ್ಲಿ ರಾಜ್ಯದ ಅನೇಕ ಪೌರಸಂಸ್ಥೆಗಳಿಗೆ ಚುನಾವಣೆ ನಡೆದರೂ, ಅಧ್ಯಕ್ಷ ಸ್ಥಾನಗಳ ಮೀಸಲಾತಿಯ ತಕರಾರು ಕೋರ್ಟು ಮೆಟ್ಟಿಲೇರಿದ್ದರಿಂದ, ಗೆದ್ದ ಸದಸ್ಯರು 2020ರ ಕೊನೆಯವರೆಗೂ ಅಧಿಕಾರಕ್ಕಾಗಿ ಕಾಯಬೇಕಾಯಿತು. ಅಷ್ಟು ದಿನ ಆಡಳಿತಾಧಿಕಾರಿಗಳದೇ ಆಡಳಿತ. ಗಟಾರ ಮಾತ್ರ ಯಾರಿಗಾಗಿಯೂ ಕಾಯದೆ ತುಂಬುತ್ತಲೇ ಇತ್ತು.

ಹಣದ ಮಾತೂ ಇದೆ. ಆಸ್ತಿ ತೆರಿಗೆ, ನೀರಿನ ಕರ, ಒಳಚರಂಡಿ ಶುಲ್ಕ ಪೌರಸಂಸ್ಥೆಯ ಸ್ವಂತ ಸಂಪಾದನೆ. ಉಳಿದದ್ದಕ್ಕೆ ರಾಜ್ಯ, ಕೇಂದ್ರಗಳ ಅನುದಾನವನ್ನೇ ನೋಡಬೇಕು. ಅನುದಾನದಲ್ಲಿ ಹೊಸ ಕೊಳವೆ ಬರುವುದು ಸುಲಭ, ಹಳೆಯ ಪಂಪಿಗೆ ಬೇರಿಂಗು ಬರುವುದು ಕಷ್ಟ. ಉದ್ಘಾಟನೆಗೆ ಕಲ್ಲು ನೆಡುತ್ತಾರೆ. ನಿರ್ವಹಣೆಗೆ ಯಾರೂ ಕಲ್ಲು ನೆಡುವುದಿಲ್ಲ. ಕರ ಕಟ್ಟದ ಮನೆ ಹೆಚ್ಚಾದಷ್ಟೂ ಬೇರಿಂಗಿಗೆ ಕಾಸು ಕಡಿಮೆ. ತೆರಿಗೆ ಬಾಕಿ ಉಳಿಸಿಕೊಂಡು ಗಟಾರದ ಬಗ್ಗೆ ದೂರುವುದು ನ್ಯಾಯವಲ್ಲ. ತೆರಿಗೆ ಕಟ್ಟಿಸಿಕೊಂಡು ಗಟಾರ ಕಡೆಗಣಿಸುವುದೂ ನ್ಯಾಯವಲ್ಲ.

ಕೆಳಗಿಳಿಯುವ ಮನುಷ್ಯ

ಒಳಚರಂಡಿಯ ಕಥೆಯಲ್ಲಿ ಅತ್ಯಂತ ನೋವಿನ ಅಧ್ಯಾಯ ಅದನ್ನು ಶುಚಿಗೊಳಿಸುವವರದು. 1970ರ ದಶಕದಲ್ಲಿ ದೇವರಾಜ ಅರಸು ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರದಲ್ಲಿ 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೂ ಬಿಗಿಯಾದ ಇನ್ನೊಂದು ಕಾಯ್ದೆ ಬಂತು. ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಮ್ಯಾನ್‌ಹೋಲಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಶಿಕ್ಷಾರ್ಹ ಅಪರಾಧ. ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟು, 2023ರಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು.

ಅಪಾಯ ಎಲ್ಲಿದೆ ಎಂಬುದನ್ನು ರಸಾಯನಶಾಸ್ತ್ರದ ವಿದ್ಯಾರ್ಥಿ ತಿಳಿಸಬಲ್ಲ. ಕೊಳೆಯುವ ಹೊಲಸಿನಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟುತ್ತದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದರೆ ಅದು ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ನಿಂತಿತು, ಅಪಾಯವಿಲ್ಲ ಎಂದುಕೊಳ್ಳುವ ಹೊತ್ತಿಗೆ ಮನುಷ್ಯ ಕುಸಿದಿರುತ್ತಾನೆ. ಎತ್ತಲು ಹೋದವನೂ ಅಲ್ಲೇ. ಆದ್ದರಿಂದಲೇ ಮನೆಯ ಟ್ಯಾಂಕು ತುಂಬಿದಾಗ ನಾಲ್ಕು ಕಾಸು ಉಳಿಸಲು ಯಾರನ್ನಾದರೂ ಇಳಿಸುವುದು ಪಾಪವೂ ಹೌದು, ಅಪರಾಧವೂ ಹೌದು.

ಕೊಳವೆ ಕಟ್ಟಿಕೊಳ್ಳುವುದಕ್ಕೆ ಕಾರಣಗಳು ನಮ್ಮ ಮನೆಗಳಲ್ಲೇ ಹುಟ್ಟುತ್ತವೆ. ಪ್ಲಾಸ್ಟಿಕ್ ಚೀಲ, ಹಳೆ ಬಟ್ಟೆ, ಕರಿದ ಎಣ್ಣೆ, ಪಾತ್ರೆ ತಿಕ್ಕಿದ ನಾರು, ಕಟ್ಟಡದ ಉಸುಕು. ಬಚ್ಚಲಲ್ಲಿ ಬಿಟ್ಟ ಒಂದು ಚಿಂದಿ ಎಲ್ಲೋ ಒಬ್ಬರ ಕೈಯಿಂದಲೇ ಹೊರಗೆ ಬರಬೇಕಾಗುತ್ತದೆ.

ಕೊಳೆಯೂ ಸಂಪತ್ತು

ಸಂಸ್ಕರಣಾ ಘಟಕದಲ್ಲಿ ನಡೆಯುವುದು ಮಾಯಮಂತ್ರವಲ್ಲ. ಮೊದಲು ಸರಳುಗಳ ಜಾಲರಿ ಕಸಕಡ್ಡಿಯನ್ನು ತಡೆಯುತ್ತದೆ. ಆಮೇಲೆ ಉಸುಕು ಕೆಳಗೆ ಕೂಡುತ್ತದೆ. ಮುಂದೆ ಗಾಳಿ ಸಿಕ್ಕ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಹೊಲಸನ್ನು ತಿನ್ನುತ್ತವೆ. ಅಂದರೆ ನದಿ ಹತ್ತಾರು ಕಿಲೋಮೀಟರ್ ಹರಿದು ಮಾಡುವ ಕೆಲಸವನ್ನು ಘಟಕ ಕೆಲವೇ ಗಂಟೆಗಳಲ್ಲಿ ಮಾಡುತ್ತದೆ. ಹೀಗೆ ತಿಳಿಯಾದ ನೀರು ಕುಡಿಯಲು ಬಾರದಿದ್ದರೂ ಬೇರೆ ಕೆಲಸಗಳಿಗೆ ಬರುತ್ತದೆ. ಬೆಂಗಳೂರಿನ ಇಂಥ ನೀರು 2018ರಿಂದ ಕೋಲಾರದ ಬತ್ತಿದ ಕೆರೆಗಳಿಗೆ ಹರಿಯುತ್ತಿದೆ.

ರಾಯಚೂರಿನಿಂದ ಸುಮಾರು 20 ಕಿ.ಮೀ. ದೂರದ ಶಕ್ತಿನಗರದಲ್ಲಿ, ಕೃಷ್ಣೆಯ ದಂಡೆಯ ಮೇಲೆ, 1985ರಲ್ಲಿ ಮೊದಲ ಘಟಕ ಆರಂಭಿಸಿದ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ಒಳಚರಂಡಿ ಸಂಸ್ಕರಣಾ ಘಟಕದಿಂದ 50 ಕಿ.ಮೀ. ಒಳಗಿರುವ ಉಷ್ಣ ವಿದ್ಯುತ್ ಸ್ಥಾವರಗಳು ಸಂಸ್ಕರಿಸಿದ ಕೊಳೆನೀರನ್ನು ಬಳಸಬೇಕೆಂದು ಕೇಂದ್ರದ 2016ರ ವಿದ್ಯುತ್ ದರ ನೀತಿ ಹೇಳುತ್ತದೆ. ಊರು ಬಿಟ್ಟ ನೀರು ಊರಿಗೆ ದೀಪವಾಗಿ ಮರಳಬಹುದಾದ ದೂರವಿದು. ಅಷ್ಟು ನದಿ ನೀರು ಉಳಿದರೆ ಕೆಳಗಿನ ಹೊಲಗಳಿಗೂ ಊರುಗಳಿಗೂ ಲಾಭ.

ತಂದೆತಾಯಿಗಳು ಮಕ್ಕಳನ್ನು ಕೋಟೆಗೆ ಕರೆದೊಯ್ಯುತ್ತಾರೆ, ಗಬ್ಬೂರಿಗೆ, ಮಂತ್ರಾಲಯಕ್ಕೆ ಕರೆದೊಯ್ಯುತ್ತಾರೆ. ಶಾಲೆಯವರು ಅನುಮತಿ ಪಡೆದು ನೀರು ಶುದ್ಧೀಕರಣ ಘಟಕಕ್ಕೊಮ್ಮೆ, ಕೊಳೆನೀರಿನ ಘಟಕಕ್ಕೊಮ್ಮೆ ಮಕ್ಕಳನ್ನು ಕರೆದೊಯ್ದರೆ ವಿಜ್ಞಾನ, ಪೌರನೀತಿ ಎರಡರ ಪಾಠವೂ ಒಂದೇ ದಿನದಲ್ಲಿ ಆಗುತ್ತದೆ. ಪುರಸಭೆಯ ಆಯವ್ಯಯದಲ್ಲಿ ಒಳಚರಂಡಿಗೆ ಎಷ್ಟಿಟ್ಟಿದ್ದಾರೆ, ಅದರಲ್ಲಿ ನಿರ್ವಹಣೆಗೆ ಎಷ್ಟು ಎಂದು ಕೇಳುವ ಹಕ್ಕನ್ನು 2005ರ ಮಾಹಿತಿ ಹಕ್ಕು ಕಾಯ್ದೆ ಎಲ್ಲರಿಗೂ ಕೊಟ್ಟಿದೆ. ಮುಂದಿನ ಸಲ ವೋಟು ಕೇಳಲು ಓಣಿಗೆ ಬಂದವರಿಗೆ ಇಷ್ಟನ್ನೇ ಕೇಳಿದರೂ ಸಾಕು: ನಮ್ಮ ಮನೆಯ ನೀರು ಕೊನೆಗೆ ಎಲ್ಲಿ ಹೋಗುತ್ತದೆ?